ಓಣಿಗೆಲ್ಲ ಕೇಳಿದ ಮನೆ

ನಾನು ಸಾಲಿ ಬಿಟ್ಟದ್ದು ೧೯೭೮ರಲ್ಲಿ, ಏಳನೆಯ ಇಯತ್ತೆ ಅರ್ಧಕ್ಕೆ ಬಂದಾಗ. ಬಡತನಕ್ಕೆ ಬಿಟ್ಟೆ ಎಂದರೆ ಸುಳ್ಳಾಗುತ್ತದೆ, ಮನೆಯಲ್ಲಿ ರೊಟ್ಟಿಗೆ ಕೊರತೆ ಇರಲಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಒಂದು ಮೈಕಿನ ಅಂಗಡಿ ಇತ್ತು. ಅದನ್ನು ದಾಟಿ ಸಾಲಿಗೆ ಹೋಗಬೇಕಿತ್ತು. ಒಂದು ದಿನ ದಾಟಲಿಲ್ಲ, ಅಷ್ಟೇ. ಅಲ್ಲಿಯೇ ಕುಳಿತೆ. ಅಪ್ಪ ಬಂದು ಎರಡು ಬಿಗಿದರೂ ಏಳಲಿಲ್ಲ.

ಕಲಿತದ್ದೆಲ್ಲ ಕೈಯಿಂದ. ಮದುವೆಯಾದ ವರ್ಷವೇ ನನ್ನದೇ ಅಂಗಡಿ ಹಾಕಿದೆ. ಕಿತ್ತೂರಿನ ಲಗ್ನ, ಸವದತ್ತಿಯ ಸಭೆ, ರಾಮದುರ್ಗದ ನಾಟಕ, ಎಲ್ಲಿಗೆ ಕರೆದರೂ ಮೋಟರ್‌ಸೈಕಲ್ಲಿನ ಹಿಂದೆ ಮೈಕಿನ ತುತ್ತೂರಿಯಂಥ ಹಾರ್ನ್ ಕಟ್ಟಿಕೊಂಡು ಹೊರಡುತ್ತಿದ್ದೆ. ಮೈಕಿನವನ ಹೆಸರು ನಿಲ್ಲುವುದು ಅವನ ಹಾರ್ನಿನ ದನಿ ಎಷ್ಟು ದೂರ ಹೋಗುತ್ತದೆ ಎಂಬುದರ ಮೇಲೆ. ಅದಕ್ಕೆ ಎತ್ತರ ಬೇಕು. ಬೇರೆಯವರು ಗಿಡಕ್ಕೆ ಆಳುಗಳನ್ನು ಹತ್ತಿಸುತ್ತಿದ್ದರು, ನಾನು ಯಾರನ್ನೂ ಹತ್ತಿಸಿದವನಲ್ಲ. ತೊರಗಲ್ಲಿನಲ್ಲಿ ಒಂದು ಲಗ್ನಕ್ಕೆ ಬೇವಿನ ಗಿಡದ ತುದಿಗೆ ಹಾರ್ನ್ ಕಟ್ಟಿದ್ದೆ. ಅಕ್ಕಿಕಾಳು ಬಿದ್ದ ಹೊತ್ತಿನ ಮಂತ್ರ ಆಚೆಯ ಊರಿನ ಹೊಲದಲ್ಲಿ ಕಳೆ ತೆಗೆಯುವವರಿಗೂ ಕೇಳಿತಂತೆ. ಆ ಮಾತನ್ನು ಬಹಳ ವರ್ಷ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೇನೆ.

ಮನೆಯೊಳಗೂ ಅದೇ ಹುಚ್ಚು. ಅಂಗಡಿ ಮುಂದೆ, ಮನೆ ಹಿಂದೆ, ಮೇಲೊಂದು ಹೊಸ ಕೋಣೆ. ಎಲ್ಲ ಕೋಣೆಯಲ್ಲೂ ಒಂದೇ ಹಾಡು ಒಂದೇ ಸಲ ಕೇಳಬೇಕೆಂದು ಮೊದಲು ಗೋಡೆಗುಂಟ ವೈರ್ ಎಳೆದು ಒಂದೊಂದು ಕಡೆ ಒಂದೊಂದು ಸ್ಪೀಕರ್ ಕೂರಿಸಿದೆ. ದೀಪಾವಳಿಗೆ ಸುಣ್ಣ ಹಚ್ಚುವಾಗ ಹೆಂಡತಿ ಎರಡು ವೈರ್ ಕಿತ್ತಳು.

"ಇದು ಮನಿ ಐತೋ, ಕರೆಂಟ್ ಆಫೀಸ್ ಐತೋ?" ಎಂದಳು.

ನನಗೆ ರೋಷ ಬಂತು. ಹುಬ್ಬಳ್ಳಿಯಿಂದ ಬಿಡಿ ಸಾಮಾನು ತಂದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಪೆಟ್ಟಿಗೆ ಮಾಡಿದೆ. ಟೇಪ್‌ರೆಕಾರ್ಡರಿನ ಹಾಡನ್ನು ಅದು ಗಾಳಿಯಲ್ಲಿ ಬಿಡುತ್ತಿತ್ತು. ಕೋಣೆಗೊಂದು ಸಣ್ಣ ಎಫ್ಎಂ ರೇಡಿಯೋ ಇಟ್ಟು ಅದರ ಮುಳ್ಳನ್ನು ಸರಿಯಾದ ಜಾಗಕ್ಕೆ ತಿರುಗಿಸಿದರೆ ಮುಗಿಯಿತು. ವೈರೇ ಇಲ್ಲ. ಹಿಂಗೆ ಮಾಡಲಿಕ್ಕೆ ಸರಕಾರದ ಪರವಾನಗಿ ಬೇಕು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ನಮ್ಮ ಕಡೆ ಎಫ್ಎಂನಲ್ಲಿ ಬರೀ ಗಾಳಿಯ ಸದ್ದು ಬರುತ್ತಿದ್ದ ಕಾಲ. ಆ ಖಾಲಿ ಜಾಗದಲ್ಲಿ ನನ್ನ ಹಾಡು ಮಾತ್ರ ಇತ್ತು.

ಮೇಲಿನ ಕೋಣೆಗೂ ಹಿತ್ತಲಿಗೂ ಹಾಡು ಸರಿಯಾಗಿ ಮುಟ್ಟುತ್ತಿರಲಿಲ್ಲ. ಪೆಟ್ಟಿಗೆಗೆ ಗೇಣುದ್ದ ತಂತಿ ಸಾಕಿತ್ತು. ನಾನು ಅದನ್ನು ಮಾಳಿಗೆಯ ಮೇಲೆ ಅರಿವೆ ಒಣಹಾಕುವ ಉದ್ದ ಕಬ್ಬಿಣದ ತಂತಿಗೆ ಜೋಡಿಸಿದೆ. ಆಗ ಎಲ್ಲ ಕಡೆ ಗಂಟೆ ಹೊಡೆದಂತೆ ಬಂತು. ಹಾರ್ನ್ ಎಷ್ಟು ಎತ್ತರವೋ ಅಷ್ಟು ಒಳ್ಳೆಯದು ಎಂದು ಕಲಿತ ಕೈ ಅದು. ಮನೆಯ ದನಿಗೆ ಮನೆಯಷ್ಟೇ ಅಳತೆ ಸಾಕು ಎಂದು ಯೋಚಿಸಲಿಲ್ಲ. ನೋಡಲು ಬಂದವರನ್ನೆಲ್ಲ ಕೋಣೆಯಿಂದ ಕೋಣೆಗೆ ಕರೆದೊಯ್ದು, "ನೋಡ್ರಿ, ವೈರ್ ಎಲ್ಲೈತಿ ಹುಡಕ್ರಿ," ಎನ್ನುತ್ತಿದ್ದೆ.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ರಾಮದುರ್ಗದ ಹತ್ತಿರ ಒಂದು ಲಗ್ನಕ್ಕೆ ಹೋದಾಗ ಹುಣಸೆಯ ಗಿಡದಿಂದ ಬಿದ್ದೆ. ಟೊಂಗೆ ಮುರಿಯಿತು ಎಂದು ಊರಿಗೆಲ್ಲ ಹೇಳಿದೆ. ಟೊಂಗೆ ಮುರಿದಿರಲಿಲ್ಲ, ನನ್ನ ಕಾಲು ಜಾರಿತ್ತು. ತೊಡೆಯ ಎಲುಬು ಮುರಿಯಿತು, ಬಲಗೈ ಮಣಿಕಟ್ಟು ಉಳುಕಿತು. ಬೆಳಗಾವಿಯಲ್ಲಿ ಕಾಲಿಗೆ ಸಲಾಕೆ ಹಾಕಿ ಕಳಿಸಿದರು. ಮಳೆಗಾಲದವರೆಗೆ ಮೈ ಅಲುಗಿಸಬಾರದು ಎಂದರು.

ನಡುಮನೆಯಲ್ಲಿ ಮಂಚ ಹಾಕಿಸಿಕೊಂಡು ಮಲಗಿದೆ. ಹೆಂಡತಿ ಅಡುಗೆಮನೆಯಲ್ಲಿದ್ದರೆ ಅಥವಾ ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದರೆ ಕರೆದದ್ದು ಕೇಳುತ್ತಿರಲಿಲ್ಲ. ತಮ್ಮನಿಗೆ ಹೇಳಿ ಆ ಪೆಟ್ಟಿಗೆಗೆ ಟೇಪ್‌ರೆಕಾರ್ಡರಿನ ಬದಲು ಒಂದು ಸಣ್ಣ ಮೈಕ್ ಹಚ್ಚಿಸಿ ಮಂಚದ ತಲೆಗಂಬಕ್ಕೆ ಕಟ್ಟಿಸಿದೆ. ಬಟನ್ ಒತ್ತಿ ಹಿಡಿದರೆ ಮಾತ್ರ ಮಾತು ಹೋಗುವಂತೆ ಇತ್ತು. ಉಳುಕಿದ ಕೈಗೆ ಅದು ನೋವು. ಎರಡನೆಯ ದಿನವೇ ಬಟನ್ನಿಗೆ ನೂಲು ಸುತ್ತಿ ಬಿಗಿದುಬಿಟ್ಟೆ. ನಡುಮನೆಯ ರೇಡಿಯೋ ಮಾತ್ರ ಬಂದ್ ಇಡಿಸಿದ್ದೆ. ಮೈಕಿನ ಹತ್ತಿರ ಅದರದೇ ದನಿಯ ಸ್ಪೀಕರ್ ಬಂದರೆ ಎರಡೂ ಒಂದರ ಮಾತನ್ನು ಒಂದು ನುಂಗಿ ಕುಂಯ್ ಎಂದು ಅರಚುತ್ತವೆ. ನಾವು ಅದಕ್ಕೆ ಸೀಟಿ ಹೊಡೀತು ಎನ್ನುತ್ತೇವೆ.

ಹೀಗೆ ಮಲಗಿದಲ್ಲಿಂದಲೇ ಮನೆ ನಡೆಸಿದೆ. ನಡೆಸಿದೆ ಎಂದರೆ, ಒದರಿದೆ.

"ಏ, ಚಾ ಎಲ್ಲಿ ಹೋತು? ಅಸ್ಸಾಮಿಗೆ ತರಾಕ ಹೋಗೀಯೇನ?"

"ಈ ಹಾಸಿಗಿ ಯಾರ ಹಾಸ್ಯಾರ? ಎಮ್ಮಿಗೆ ಹಾಸಿದಂಗ ಹಾಸೀದಿ."

"ನಿಮ್ಮ ಅಪ್ಪನ ಮನ್ಯಾಗ ಇದನ್ನ ಕಲಿಸ್ಯಾರೇನ?"

ಬರೆಯುವಾಗ ಕಡಿಮೆ ಮಾಡಿಯೇ ಬರೆದಿದ್ದೇನೆ. ಅವಳು ಎದುರು ಮಾತಾಡುತ್ತಿರಲಿಲ್ಲ. ನೋವಿನವನ ಬಾಯಿ ಎಂದು ನನಗೆ ನಾನೇ ಮಾಫಿ ಕೊಟ್ಟುಕೊಳ್ಳುತ್ತಿದ್ದೆ.

ಆ ದಿನಗಳಲ್ಲಿ ಒಂದು ವಿಚಿತ್ರ ನಡೆಯತೊಡಗಿತು. ಒಂದು ಮಧ್ಯಾಹ್ನ, "ಬಾಯಿ ಕೆಟ್ಟೈತಿ, ಪುಂಡಿಪಲ್ಯ ತಿನ್ನಬೇಕನಸ್ತೈತಿ," ಎಂದೆ. ಹೆಂಡತಿ, "ಈ ಬ್ಯಾಸಗ್ಯಾಗ ಪುಂಡಿ ಎಲ್ಲಿ ತರ್ಲಿ?" ಎಂದಳು. ಸಂಜೆಗೆ ಎದುರುಮನೆಯ ಆಯಿ ಒಂದು ಬಟ್ಟಲು ಪುಂಡಿಪಲ್ಯ ತಂದಿಟ್ಟಳು. ಎಪ್ಪತ್ತು ದಾಟಿದ ಮುದುಕಿ, ಓಣಿಯ ಎಲ್ಲರಿಗೂ ಅವಳು ಆಯಿ.

"ಬಾವಿ ಕಡೆ ಮಡಿಯಾಗ ನಾಕ ಎಲಿ ಇದ್ದೂವೋ. ತಿನ್ನು," ಎಂದಳು.

ಇನ್ನೊಮ್ಮೆ ಬೆನ್ನು ಸುಡುತ್ತದೆ ಎಂದು ನರಳಿದ ಮರುದಿನ ಯಾರೋ ಹತ್ತಿಯ ಹೊಸ ಗಾದಿ ಕಳಿಸಿದರು. ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಸಾಲಿಗೆ ಮುಟ್ಟಿಸಿ ಬರುವವರು ಯಾರೆಂದು ನಾನು ಕೇಳಲೇ ಇಲ್ಲ, ಹೇಗೋ ಹೋಗಿಬರುತ್ತಿದ್ದವು. ಬೈಲಹೊಂಗಲದಲ್ಲಿ ನನಗೆ ಎಷ್ಟು ಮರ್ಯಾದೆ ಐತಿ ನೋಡು ಎಂದು ಹೆಂಡತಿಗೆ ಹೇಳಿದೆ. ಅವಳು ಗಾದಿಯ ಮೂಲೆ ಸರಿಪಡಿಸಿದಳು.

ನನ್ನ ಜೀವವೆಲ್ಲ ಶ್ರಾವಣದ ಮೇಲಿತ್ತು. ಶ್ರಾವಣಮಾಸ ಪೂರ್ತಿ ಮಠದಲ್ಲಿ ಪುರಾಣ ನಡೆಯುತ್ತದೆ. ಅದರ ಮೈಕ್ ಮೊದಲಿನಿಂದ ನನ್ನದು. ಮಠದ ಮುಂದಿನ ಅರಳಿಯ ತುದಿಗೆ ಹಾರ್ನ್ ಕಟ್ಟುವವನು ನಾನು. ಅದು ಕೈ ತಪ್ಪಿದರೆ ಸುತ್ತಲಿನ ಹಳ್ಳಿಯ ಕೆಲಸವೂ ತಪ್ಪಿದಂತೆ, ಏಕೆಂದರೆ ಅರಳಿಯ ಮೇಲೆ ಯಾರ ಹಾರ್ನ್ ಇದೆ ಎಂದು ನೋಡಿಯೇ ಜನ ಲಗ್ನಕ್ಕೆ ಮೈಕ್ ಹಾಕಲು ಹೇಳುತ್ತಿದ್ದರು. ಮಾತಾಡಿಸಲು ಬಂದ ಪ್ರತಿಯೊಬ್ಬರಿಗೂ, "ಶ್ರಾವಣಕ್ಕ ನಾನ ಹತ್ತತೇನ್ರಿ. ಕಾಲ ಮುರದೈತಿ, ಧೈರ್ಯ ಮುರದಿಲ್ಲ," ಎನ್ನುತ್ತಿದ್ದೆ.

ಒಂದು ದಿನ ಊಟದ ಹೊತ್ತಿಗೆ ಹೆಂಡತಿ ತಟ್ಟೆ ಇಟ್ಟು ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಕಿಟಕಿಯಲ್ಲಿ ಹಿತ್ತಲಿನ ತೆಂಗಿನ ಗಿಡ ಕಾಣುತ್ತಿತ್ತು. ಅದರ ತುದಿ ನೋಡುತ್ತಿದ್ದಂತೆ ನನ್ನ ಅಂಗೈ ಬೆವರಿತು. ತುತ್ತು ಕೈಯಲ್ಲೇ ಉಳಿಯಿತು. ನಾನು ಅತ್ತೆ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳ ಮುಂದೆ ಅತ್ತಿರಲಿಲ್ಲ.

"ನನಗ ಇನ್ನ ಹತ್ತಾಕ ಆಗೂದಿಲ್ಲ," ಎಂದೆ. "ಗಿಡಾ ನೋಡಿದ್ರ ಜೀವ ನಡಗತೈತಿ. ಟೊಂಗಿ ಮುರದಿದ್ದಿಲ್ಲ, ನನ್ನ ಕಾಲ ಜಾರಿತ್ತು. ಯಾರ ಮುಂದೂ ಬಾಯಿ ಬಿಡಬ್ಯಾಡ. ಬಿಟ್ಟೆಂದ್ರ ನನ್ನ ಹೆಸರು ಹೋತು."

"ನಾ ಯಾರ ಮುಂದ ಹೇಳ್ಲಿ?" ಎಂದಳು. ಹೇಳಿ, ತಲೆಗಂಬದ ಕಡೆ ನೋಡಿದಳು. ಅವಳು ಅತ್ತ ನೋಡಿದ್ದು ನೆನಪಿದೆ. ಕಣ್ಣೀರು ಬಂದಿತೇನೋ, ನನ್ನಿಂದ ಮುಖ ತಿರುಗಿಸಿದಳು ಎಂದುಕೊಂಡೆ.

ಆಷಾಢ ಹಿಡಿದ ಹೊಸದರಲ್ಲಿ ಸಾವಕಾರರು ಬಂದರು. ಓಣಿಯ ಮೂಲೆಯ ದೊಡ್ಡ ಮನೆ ಅವರದು, ಮಠದ ಪುರಾಣದ ಉಸಾಬರಿ ಎಲ್ಲ ಅವರದೇ. ಕುರ್ಚಿಯಲ್ಲಿ ಕುಳಿತು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ತಮ್ಮಾ, ಈ ಸಲ ಪುರಾಣಕ್ಕ ಹಾರ್ನ್ ಬ್ಯಾಡಂತ ಮಾಡೇವಿ," ಎಂದರು. "ಮಠದೊಳಗ ನಾಕ ಸ್ಪೀಕರ್ ಬಾಕ್ಸ್ ಇಡು, ಸಾಕು. ಬಂದವರಿಗೆ ಕೇಳಿದ್ರಾತು. ನೀ ಮಶಿನ್ ಮುಂದ ಕುಂತರ ಸಾಕು."

"ಯಾಕ್ರಿ ಸಾವಕಾರ್ರ? ಹ್ವಾದ ವರ್ಷ ಹಾರ್ನ್ ಕೇಳಿ ಮಂದಿ ಬಂದಿದ್ದಿಲ್ಲೇನ್ರಿ?"

"ಬಂದಿದ್ರು. ಪರೀಕ್ಷಾ ಓದೂ ಹುಡುಗೂರಿಗೆ ತ್ರಾಸ ಆಗತೈತಿ ಅಂತ..."

"ಶ್ರಾವಣದಾಗ ಎಲ್ಲಿ ಪರೀಕ್ಷಾರಿ?"

ಅವರು ತೊಡೆಯ ಮೇಲಿನ ಟೊಪ್ಪಿಗೆ ತಿರುವಿದರು. ನನಗೆ ಸಿಟ್ಟು ತಲೆಗೆ ಏರಿತು. ಬೇರೆ ಯಾರೋ ನನ್ನ ಕೆಲಸಕ್ಕೆ ಕೈ ಹಾಕಿದ್ದಾರೆ, ಇವರು ಸವಿಮಾತು ಹೇಳಿ ಮೊದಲು ಹಾರ್ನ್ ಬಿಡಿಸಿ ಆಮೇಲೆ ಮೈಕೂ ಬಿಡಿಸುತ್ತಾರೆ ಎನಿಸಿತು.

"ನನಗ ಹತ್ತಾಕ ಆಗೂದಿಲ್ಲಂತ ನಿಮಗ ಯಾರ ಹೇಳ್ಯಾರ? ಅವನ ಹೆಸರ ಹೇಳ್ರಿ."

"ಯಾರೂ ಹೇಳಿಲ್ಲೋ."

"ಮತ್ತ? ಸಾಲಿ ಕಲಿತಿಲ್ಲಂತ ನನ್ನನ್ನ ಹಗರ ತಿಳೀಬ್ಯಾಡ್ರಿ. ನಿಮ್ಮಂಗ ಅಪ್ಪ ಗಳಿಸಿದ್ದನ್ನ ಕುಂತ ತಿಂದಾಂವ ಅಲ್ಲ ನಾ. ನಿಮ್ಮ ದಯಾ ಬ್ಯಾಡ. ಎದ್ದ ನಡೀರಿ."

ಸಾವಕಾರರು ಟೊಪ್ಪಿಗೆ ಹಾಕಿಕೊಂಡರು. "ಆರಾಮ ಆಗು ಮೊದಲ," ಎಂದು ಎದ್ದು ಹೋದರು. ಅವರಿಗೆ ಸಿಟ್ಟು ಬರಲಿಲ್ಲ ಎಂಬುದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಚಪ್ಪಲಿಯ ಸದ್ದು ಮೂಲೆ ದಾಟಿರಲಿಕ್ಕಿಲ್ಲ, ಎದುರುಮನೆಯ ಆಯಿ ಬಿರಬಿರನೆ ಒಳಗೆ ಬಂದಳು. "ಅಲ್ಲೋ, ಹಿರಿಯರಿಗೆ ಹಂಗ ಅಂತಾರೇನೋ ಮೂಳಾ, ನಿನ್ನ ಸಲುವಾಗಿನ ಅವರು..." ಎನ್ನುತ್ತ ನಡುಮನೆಯ ಹೊಸ್ತಿಲು ದಾಟಿದಳು. ಅಷ್ಟರಲ್ಲಿ ಅವಳ ಸೆರಗಿನಿಂದ ಕುಂಯ್ ಎಂದು ಒಂದು ಅರಚಾಟ ಎದ್ದಿತು. ಮುದುಕಿ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದಳು. ಸದ್ದು ಇಳಿಯಿತು. ಮತ್ತೆ ಮುಂದೆ ಬಂದಳು. ಮತ್ತೆ ಅರಚಿತು.

"ಇದಕ್ಕೇನಾತೋ ಎಪ್ಪಾ?" ಎಂದು ಸೆರಗು ಬಿಚ್ಚಿ ಒಂದು ಸಣ್ಣ ರೇಡಿಯೋ ಹೊರತೆಗೆದಳು. ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಉಗರಗೋಳದ ಅಂಗಡಿಯಲ್ಲಿ ಕೊಂಡದ್ದಂತೆ.

ಇಪ್ಪತ್ನಾಲ್ಕು ವರ್ಷ ಮೈಕಿನ ಜೊತೆ ಬಾಳಿದವನಿಗೆ ಆ ಸೀಟಿಯ ಅರ್ಥ ಯಾರೂ ಹೇಳಬೇಕಿರಲಿಲ್ಲ. ನನ್ನ ಮೈಕ್ ಅವಳ ರೇಡಿಯೋದಲ್ಲಿತ್ತು. ಆದರೂ ಮನಸ್ಸು ಒಪ್ಪಲಿಲ್ಲ.

"ಆಯಿ, ಅದನ್ನ ತಗೊಂಡು ಹೊರಗ ಹೋಗಿ ನಿಂದ್ರು," ಎಂದೆ. ಅವಳು ಹೋದಳು. ತಲೆಗಂಬದ ಕಡೆ ತಿರುಗಿ, ಸಣ್ಣ ದನಿಯಲ್ಲಿ, ಮಂಚದ ಬದಿಗೆ ನಿಂತವರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ಆಯಿ, ಕೇಳಸ್ತೈತೇನ?" ಎಂದೆ.

"ಹೂಂ, ಕೇಳಸ್ತೈತಿ!" ಎಂದು ಬೀದಿಯಿಂದ ಕೂಗಿದಳು.

ಅವಳ ಹಿಂದೆಯೇ ಬೇರೆ ಯಾವುದೋ ಮನೆಯ ಕಟ್ಟೆಯಿಂದ ಒಂದು ಗಂಡುದನಿ, "ನಮಗೂ ಕೇಳಸ್ತೈತ್ರೀ!" ಎಂದಿತು. ಯಾರೋ ಕಿಸಕ್ಕೆಂದು ನಕ್ಕರು. ಯಾರೋ, "ಸುಮ್ನಿರೋ," ಎಂದು ಗದರಿದರು.

ಹಾಸಿಗೆಯಿಂದ ಏಳಲಾಗದವನಿಗೆ ಓಡಿಹೋಗುವ ದಾರಿಯೂ ಇಲ್ಲ. ಚಾದರವನ್ನು ಮುಖದ ಮೇಲೆ ಎಳೆದುಕೊಂಡೆ. ಆಯಿ ಬಂದು ಮಂಚದ ಅಂಚಿಗೆ ಕುಳಿತಳು. ರೇಡಿಯೋ ಬಂದ್ ಮಾಡಿದ್ದಳು.

"ಯಾವಾಗಿನಿಂದ ಕೇಳಾಕತ್ತೀರಿ?" ಎಂದು ಚಾದರದ ಒಳಗಿನಿಂದಲೇ ಕೇಳಿದೆ.

"ಮೊದಲ ಹಾಡ ಬರ್ತಿದ್ದೂವು. ಆಕಾಶವಾಣಿ ಅಂತ ತಿಳಿದಿದ್ನಿ. ಆಮ್ಯಾಲ ಒಂದಿನ ಆಕಾಶವಾಣ್ಯಾಗ, 'ಏ, ಚಾ ಎಲ್ಲಿ ಹೋತು' ಅಂತ ಬಂತು. ಇಂವ ಯಾಂವಪ್ಪಾ, ನಮ್ಮ ಮೈಕಿನವನಂಗ ಅದಾನಲ್ಲಾ ಅಂದ್ನಿ." ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಗು ನಿಲ್ಲಿಸಿ ನನ್ನ ಒಳ್ಳೆಯ ಕಾಲಿನ ಮೇಲೆ ಕೈ ಇಟ್ಟಳು. "ನೀ ಅತ್ತ ದಿವಸ ನಾ ಉಣಲಿಲ್ಲೋ. ಸಾವಕಾರ್ರೂ ಕೇಳ್ಯಾರ. ಅವರ ಸೊಸಿ ಹತ್ತಿರನೂ ಇಂಥಾದ ಒಂದ ಐತಿ. 'ಅವನ ಮಾತ ಉಳೀಬೇಕು, ಹತ್ತೂ ಕೆಲಸನ ಇಡೂದು ಬ್ಯಾಡ' ಅಂತ ಅವರ ಹೇಳಿದ್ರು."

ಗಿಡದಿಂದ ಬೀಳುವಾಗಲೂ ಇಷ್ಟು ಹೊತ್ತು ಬಿದ್ದಿರಲಿಲ್ಲ ನಾನು. ಶ್ರಾವಣಕ್ಕೆ ನಾನೇ ಹತ್ತುತ್ತೇನೆ ಎಂದು ಕೊಚ್ಚಿಕೊಂಡಾಗ ಎದುರಿಗೆ ಕುಳಿತು, "ಹೌದೌದು, ನಿನ್ನ ಬಿಟ್ಟರ ಯಾರದಾರ," ಎಂದು ಗೋಣು ಹಾಕಿದವರ ಮುಖಗಳು ಒಂದೊಂದಾಗಿ ಕಣ್ಣಿಗೆ ಬಂದವು. ಅವರೆಲ್ಲ ತಿಳಿದೇ ಗೋಣು ಹಾಕಿದ್ದರು.

ಆಯಿ ಹೋದ ಮೇಲೆ ಹೆಂಡತಿಯನ್ನು ಕರೆದೆ. ಬಟನ್ನಿನ ನೂಲು ಹರಿದು ಹಾಕಿದ್ದೆ, ಬರೀ ಬಾಯಿಯಿಂದ ಕರೆದೆ.

"ನಿನಗ ಗೊತ್ತಿತ್ತು?"

"ಗೊತ್ತಿತ್ತು. ನಳದ ಹಂತ್ಯಾಕ ಹೆಣ್ಮಕ್ಕಳು ಹೇಳಿದ್ರು."

"ನನಗ್ಯಾಕ ಹೇಳ್ಲಿಲ್ಲ? ನನ್ನ ಮಾನ ಹರಾಜ ಆಗೂದ ನೋಡ್ಕೋತ ಕುಂತ್ಯಾ?"

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಜೋರು ಮಾಡಲಿಲ್ಲ.

"ಹೇಳಿದ್ರ ಅವತ್ತ ಬಂದ್ ಮಾಡ್ತಿದ್ರಿ. ನಿಮ್ಮ ಬೈಗಳಾ ಹನ್ನೆರಡ ವರ್ಷ ನಾ ಒಬ್ಬಾಕೀನ ಕೇಳೇನ್ರಿ. ಈಗ ನಾಕ ಮಂದಿ ಕೇಳಿದ್ರು. ನಳದಾಗ ನನ್ನ ಕೊಡಾ ಮೊದಲ ಹಿಡೀಲಿ ಅಂದ್ರು. ಹುಡುಗ್ಯಾರನ್ನ ಸಾಲಿಗೆ ಬಿಟ್ಟು ಬಂದ್ರು. 'ಹೆಂಗ ತಡಕೋತೀಯವ್ವಾ' ಅಂತ ಒಬ್ರರ ಕೇಳಿದ್ರು. ನನಗ ಅಷ್ಟ ಸಾಕಾಗಿತ್ತು."

ಇಷ್ಟು ಹೇಳಿ ಅವಳು ಒಲೆಯ ಮೇಲಿನ ಹಾಲು ನೋಡಲು ಹೋದಳು.

ಅಳು ಓಣಿಗೆ ಕೇಳಿದ್ದಕ್ಕೆ ಆದ ನಾಚಿಕೆಯೇ ದೊಡ್ಡದೆಂದು ತಿಳಿದಿದ್ದೆ. ಇದರ ಮುಂದೆ ಅದು ಏನೂ ಅಲ್ಲ ಎನಿಸಿತು. ನನ್ನ ನರಳಾಟವನ್ನು ಕೇಳಿದ ಜನ ನನಗೆ ಪಲ್ಯ ಕೊಟ್ಟರು, ಗಾದಿ ಕೊಟ್ಟರು, ಹೆದರಿಕೆಯನ್ನು ಕೇಳಿ ಹತ್ತುವ ಕೆಲಸವನ್ನೇ ತೆಗೆದರು. ನನ್ನ ಬಾಯಿಯನ್ನು ಕೇಳಿದ ಜನ ನನಗೆ ಒಂದು ಮಾತೂ ಅನ್ನಲಿಲ್ಲ. ನಳದ ಹತ್ತಿರ ಅವಳ ಕೊಡಕ್ಕೆ ದಾರಿ ಬಿಟ್ಟರು, ಅಷ್ಟೇ. ಪ್ರತಿದಿನ ಒಬ್ಬ ಹೆಂಗಸಿಗೆ ಓಣಿ ಹೀಗೆ ದಾರಿ ಬಿಡುತ್ತದೆ ಎಂದರೆ ಅವಳ ಗಂಡ ಎಂಥವನಿರಬೇಕು.

ನನ್ನ ತಮ್ಮ ಮಾಳಿಗೆ ಹತ್ತಿ ಅರಿವೆಯ ತಂತಿಯಿಂದ ಪೆಟ್ಟಿಗೆಯ ತಂತಿ ಬಿಚ್ಚಿದ. ಪೆಟ್ಟಿಗೆಯನ್ನು ನಾನೇ ಕೈಯಾರೆ ಬಿಡಿಬಿಡಿ ಮಾಡಿದೆ. ಅದಕ್ಕಿಂತ ಕೆಟ್ಟ ದಿನಗಳು ಆಮೇಲೆ ಬಂದವು. ರೇಡಿಯೋದಲ್ಲಿ ನನ್ನ ದನಿ ನಿಂತಿದ್ದರಿಂದ ಓಣಿಯವರಿಗೆ ಏನೂ ತಿಳಿಯದಾಯಿತು. ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತು, "ಏನರ ಬೇಕಾಗೈತೇನ್ರಿ?" ಎಂದು ಕೇಳತೊಡಗಿದರು. ಮೊದಲು ಕೇಳದೆ ಬರುತ್ತಿದ್ದದ್ದನ್ನು ಈಗ ಬಾಯಿಬಿಟ್ಟು ಬೇಡಬೇಕಾಯಿತು. ಬಹಳ ದಿನ, "ಏನೂ ಬ್ಯಾಡ್ರಿ," ಎಂದೇ ಕಳಿಸಿದೆ. ಹೆಂಡತಿಯನ್ನು ಕರೆಯಲೂ ದನಿ ಏಳುತ್ತಿರಲಿಲ್ಲ. ನೀರಡಿಕೆಯಾದರೆ ಅವಳು ತಾನಾಗಿ ಬರುವವರೆಗೆ ಕಾಯುತ್ತಿದ್ದೆ.

ಕಂಕುಳಲ್ಲಿ ಬಡಿಗೆ ಇಟ್ಟುಕೊಂಡು ನಿಲ್ಲಲು ಬಂದ ಕೂಡಲೆ ಸಾವಕಾರರ ಮನೆಗೆ ಹೋದೆ. ಓಣಿಯ ಉದ್ದ ಅಷ್ಟೇನೂ ಇಲ್ಲ, ಆದರೆ ಎರಡೂ ಬದಿಯ ಕಟ್ಟೆಗಳಲ್ಲಿ ಜನ ಇದ್ದರು. ನಾನು ನೆಲ ನೋಡಿಕೊಂಡು ನಡೆದೆ. ಸಾವಕಾರರು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದರು.

"ಸಾವಕಾರ್ರ, ನನಗ ಗಿಡಾ ಹತ್ತಾಕ ಆಗೂದಿಲ್ರಿ," ಎಂದೆ. "ಕಾಲಿನ ಸಲುವಾಗಿ ಅಲ್ಲ. ಹೆದರಿಕಿ ಬರ್ತೈತಿ. ನಿಮಗ ಗೊತ್ತೈತಿ, ಖರೆ, ನಾ ನಿಮ್ಮ ಎದುರಿಗೆ ಹೇಳಿದ್ದಿಲ್ಲ."

ಅವರು ಒಂದು ಹಿಡಿ ಶೇಂಗಾ ನನ್ನ ಅಂಗೈಗೆ ಸುರಿದರು. "ಕುಂದ್ರು," ಎಂದರು. ಆಮೇಲೆ, "ಅಪ್ಪ ಗಳಿಸಿದ್ದ ಕುಂತ ತಿನ್ನೂದು ಅಂದ್ಯಲ್ಲಾ, ಇದು ಅವನ ಹೊಲದ್ದ. ಸುಲದರ ಸುಲಿ," ಎಂದು ಮುಂದೆ ಬುಟ್ಟಿ ತಳ್ಳಿದರು. ಕಟ್ಟೆಯವರೆಲ್ಲ ನಕ್ಕರು. ನಾನು ನಗಲು ನೋಡಿದೆ, ಆಗಲಿಲ್ಲ. ಕತ್ತಲಾಗುವವರೆಗೆ ಸುಲಿದೆ.

ಆ ಶ್ರಾವಣದಲ್ಲಿ ಮಠದೊಳಗೆ ನಾಕು ಬಾಕ್ಸ್ ಇಟ್ಟು ಮಶಿನ್ನಿನ ಮುಂದೆ ಕುಳಿತೆ. ಪುರಾಣಕ್ಕೆ ಮೊದಲು ಮೈಕಿನವನು ಹಲೋ ಹಲೋ ಎಂದು ದನಿ ನೋಡುವುದು ವಾಡಿಕೆ. ಮೈಕ್ ಹಿಡಿದೆ. ಎದುರಿಗೆ ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ, ಆಯಿ, ನಳದ ಹತ್ತಿರದವರೆಲ್ಲ ಕುಳಿತಿದ್ದರು. ಮೈಕಿನಲ್ಲಿ ಬರುವ ನನ್ನ ದನಿ ಅವರಿಗೆ ಬಾಯಿಪಾಠ. ನನ್ನ ಬಾಯಿಯಿಂದ ಹಲೋ ಹೊರಡಲಿಲ್ಲ. ಬೆರಳಿನಿಂದ ಮೈಕನ್ನು ಎರಡು ಸಲ ಬಡಿದೆ. ದನಿ ಸರಿ ಇತ್ತು. ಅಂದಿನಿಂದ ಇಂದಿನವರೆಗೂ ಹಾಗೆಯೇ ಬಡಿದು ನೋಡುತ್ತೇನೆ. ಬಹಳ ಮಂದಿಗೆ ಅದು ನನ್ನ ಪದ್ಧತಿ ಎಂದು ಅನಿಸಿದೆ. ಓಣಿಯವರು ಮಾತ್ರ ಆ ಹೊತ್ತಿಗೆ ತಲೆ ತಗ್ಗಿಸುತ್ತಾರೆ.

ಹಾರ್ನ್ ಎಲ್ಲ ತಮ್ಮನಿಗೆ ಕೊಟ್ಟೆ. ಅವನು ಕಿತ್ತೂರಿನಲ್ಲಿ ಅಂಗಡಿ ಮಾಡಿಕೊಂಡಿದ್ದಾನೆ. ಮನೆಯಲ್ಲಿ ಬೈಯುವುದು ಪೂರ್ತಿ ಬಿಟ್ಟೆ ಎಂದು ಬರೆಯಲಾರೆ, ಅವಳು ಇದನ್ನು ಓದಿಸಿಕೊಂಡು ಕೇಳುತ್ತಾಳೆ. ಬಾಯಿಗೆ ಬಂದದ್ದು ಅರ್ಧದಲ್ಲಿ ನಿಲ್ಲುತ್ತದೆ, ಕಿವಿಗಳು ಬಿಸಿಯಾಗುತ್ತವೆ, ಎದ್ದು ಅಂಗಡಿಗೆ ಹೋಗುತ್ತೇನೆ.

ಈಗ ನನ್ನ ಹತ್ತಿರ ಒಂದು ಅಂಗಡಿ ಇದೆ, ಎರಡು ಆಂಪ್ಲಿಫಯರ್, ಎಂಟು ಬಾಕ್ಸ್, ಮೂರು ಮೈಕ್. ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಹೆಂಡತಿ. ಮನೆಯಲ್ಲಿ ರೇಡಿಯೋ ಒಂದು, ಅದು ಅವಳದು.